ಫರೋಹನು ಕೇಳಿದ್ದು ಸೂಲಗಿತ್ತಿಯರ ಕೈ

ವಿಮೋಚನಕಾಂಡ 1ನೇ ಅಧ್ಯಾಯ, 15ರಿಂದ 21ನೇ ವಚನದವರೆಗೆ ತೆರೆದಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಬೈಬಲ್ ನೋಡುವವರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡಿಕೊಳ್ಳಿ, ಇವತ್ತಿನ ವಿಷಯ ಸ್ವಲ್ಪ ಗಮನ ಕೇಳುತ್ತೆ.

ಹೋದ ವಾರ ಯೌವನಸ್ಥರ ಕೂಟ ಮುಗಿದ ಮೇಲೆ ಒಬ್ಬ ಬ್ರದರ್ ಬಂದು ಒಂದು ಪ್ರಶ್ನೆ ಕೇಳಿದರು. "ಪಾಸ್ಟರ್, ಕಮ್ಯುನಿಸ್ಟ್ ದೇಶಗಳಲ್ಲಿ ಸರಕಾರದ ಹತ್ತಿರ ಹೋಗಿ ಸಭೆಯನ್ನು ರಿಜಿಸ್ಟರ್ ಮಾಡಿಸಿಕೊಂಡರಲ್ಲ, ಅವರೆಲ್ಲಾ ದ್ರೋಹಿಗಳಾ?" ಅಂತ. ಅವರು ಯಾವುದೋ ವಿಡಿಯೋ ನೋಡಿದ್ದರು. ಅದರಲ್ಲಿ ಜೈಲಿಗೆ ಹೋದವರು ಮಾತ್ರ ನಿಜವಾದ ವಿಶ್ವಾಸಿಗಳು, ಸಹಿ ಹಾಕಿದವರೆಲ್ಲಾ ಯೂದನ ವಂಶದವರು ಅಂತ ಹೇಳಿದ್ದರಂತೆ. ಹತ್ತು ನಿಮಿಷದ ವಿಡಿಯೋದಲ್ಲಿ ಎಪ್ಪತ್ತು ವರ್ಷದ ಜನರಿಗೆ ತೀರ್ಪು. ಆಗ ನಾನು "ಮುಂದಿನ ವಾರ ಮಾತಾಡೋಣ" ಅಂದೆ. ಈ ಪ್ರಶ್ನೆ ಸರಿಯಾಗಿ ಕೇಳಿಸಿಕೊಳ್ಳಬೇಕಾದರೆ ಮೊದಲು ಐಗುಪ್ತಕ್ಕೆ ಹೋಗಬೇಕು, ಆಮೇಲೆ ರಷ್ಯಾಕ್ಕೆ.

ಐಗುಪ್ತದಲ್ಲಿ ಏನಾಯಿತು? ಇಸ್ರಾಯೇಲ್ಯರು ಹೆಚ್ಚುತ್ತಿದ್ದಾರೆ, ಫರೋಹನಿಗೆ ಭಯ. ಅವನ ಹತ್ತಿರ ಸೈನ್ಯ ಇದೆ, ರಥ ಇದೆ, ಕತ್ತಿ ಇದೆ. ಗಂಡುಮಕ್ಕಳನ್ನು ಕೊಲ್ಲಬೇಕು ಅಂದರೆ ಸೈನಿಕರನ್ನು ಕಳಿಸಬಹುದಿತ್ತು. ಆದರೆ ಮೊದಲು ಅವನು ಕರೆಸಿದ್ದು ಯಾರನ್ನು? ಶಿಪ್ರಾ, ಪೂಗಾ ಅನ್ನುವ ಇಬ್ಬರು ಸೂಲಗಿತ್ತಿಯರನ್ನು. ಹೆರಿಗೆ ಕೋಣೆಯ ಬಾಗಿಲು ಸೈನಿಕನಿಗೆ ತೆರೆಯುವುದಿಲ್ಲ, ಸೂಲಗಿತ್ತಿಗೆ ತೆರೆಯುತ್ತೆ. ತಾಯಿ ನಂಬಿ ಕೈಗೆ ಕೊಡುವುದು ಅವಳಿಗೇ. ಫರೋಹನಿಗೆ ಬೇಕಾಗಿದ್ದು ಆ ನಂಬಿಕೆಯ ಕೈ. ಮಗು ಹುಟ್ಟುವಾಗಲೇ ಸತ್ತಿತು ಅಂತ ಮನೆಯವರು ಅಳುತ್ತಾರೆ, ಅರಮನೆಯ ಮೇಲೆ ಯಾರೂ ಬೆರಳು ತೋರಿಸುವುದಿಲ್ಲ. ಆ ಇಬ್ಬರು ಹೆಂಗಸರು ಐಗುಪ್ತದ ಆಳ್ವಿಕೆಯ ಕೆಳಗೇ ಬದುಕಿದರು, ಅಲ್ಲೇ ಕೆಲಸ ಮಾಡಿದರು, ದಂಗೆ ಎಬ್ಬಿಸಲಿಲ್ಲ. ಕೈ ಮಾತ್ರ ಕೊಡಲಿಲ್ಲ. ಫರೋಹನಿಗೆ ಅವರು ಹೇಳಿದ ಉತ್ತರ ಪೂರ್ತಿ ನಿಜವೋ ಅಲ್ಲವೋ ಅನ್ನುವುದು ಬೈಬಲ್ ಕಾಲೇಜಿನಲ್ಲಿ ನಾವು ಎರಡು ಪೀರಿಯಡ್ ಜಗಳ ಆಡಿದ ವಿಷಯ, ಅದನ್ನು ಇವತ್ತು ಬಿಟ್ಟುಬಿಡೋಣ.

ಈಗ ಸೋವಿಯತ್ ಒಕ್ಕೂಟಕ್ಕೆ ಬನ್ನಿ. ಮೊದಲು ಒಂದು ನ್ಯಾಯದ ಮಾತು ಹೇಳಿಬಿಡುತ್ತೇನೆ. ರಷ್ಯಾದಲ್ಲಿ ನಮ್ಮಂಥ ಸುವಾರ್ತಾ ಸಭೆಗಳನ್ನು ಹಿಂಸಿಸಿದವರಲ್ಲಿ ಕಮ್ಯುನಿಸ್ಟರು ಮೊದಲಿಗರಲ್ಲ. ಅವರಿಗೆ ಮುಂಚೆ ತ್ಸಾರ್ ದೊರೆಗಳ ಕಾಲದಲ್ಲಿ, ಕ್ರೈಸ್ತ ರಾಜ್ಯ ಅಂತ ಹೇಳಿಕೊಳ್ಳುತ್ತಿದ್ದ ಸರಕಾರವೇ ಬ್ಯಾಪ್ಟಿಸ್ಟರನ್ನು ಗಡೀಪಾರು ಮಾಡುತ್ತಿತ್ತು. 1905ರಲ್ಲಿ ಸ್ವಲ್ಪ ಸಹನೆ ಬಂತು. 1917ರ ಕ್ರಾಂತಿಯ ನಂತರ, 1918ರ ಜನವರಿಯಲ್ಲಿ ಸಭೆ ಬೇರೆ ಸರಕಾರ ಬೇರೆ ಅಂತ ಆದೇಶ ಬಂದಾಗ ಸುವಾರ್ತಾ ವಿಶ್ವಾಸಿಗಳಲ್ಲಿ ತುಂಬಾ ಜನ ಸಂತೋಷಪಟ್ಟರು. 1919ರಲ್ಲಿ, ಮನಸ್ಸಾಕ್ಷಿಯ ಕಾರಣಕ್ಕೆ ಸೈನ್ಯಕ್ಕೆ ಸೇರುವುದಿಲ್ಲ ಅನ್ನುವವರಿಗೆ ವಿನಾಯಿತಿ ಕೊಡುವ ಆದೇಶವೂ ಬಂತು. 1918ರ ಸಂವಿಧಾನದಲ್ಲಿ ಧರ್ಮ ಪ್ರಚಾರಕ್ಕೂ ಸ್ವಾತಂತ್ರ್ಯ, ಧರ್ಮವಿರೋಧಿ ಪ್ರಚಾರಕ್ಕೂ ಸ್ವಾತಂತ್ರ್ಯ ಅಂತಲೇ ಇತ್ತು. 1920ರ ದಶಕ ಅಲ್ಲಿನ ಸುವಾರ್ತಾ ಸಭೆಗಳು ಬೆಳೆದ ಕಾಲ. ಆ ದಿನಗಳಲ್ಲೇ, 1921ರಲ್ಲಿ, ಇವಾನ್ ವೊರೊನಾಯೆವ್ ಅನ್ನುವ ದೇವಸೇವಕ ನ್ಯೂಯಾರ್ಕ್ ಬಿಟ್ಟು ಒಡೆಸ್ಸಾ ಪಟ್ಟಣಕ್ಕೆ ಬಂದು ಪೆಂತೆಕೊಸ್ತ್ ಸಭೆ ಶುರುಮಾಡಿದರು. ಅಮೆರಿಕದಲ್ಲಿ ಆರಾಮವಾಗಿ ಇರಬಹುದಿತ್ತು. ಇರಲಿಲ್ಲ.

1929ರ ಏಪ್ರಿಲ್ 8ರಂದು ಬಾಗಿಲು ಮುಚ್ಚಿತು. ಆವತ್ತು ಬಂದ ಕಾನೂನನ್ನು ನೀವು ಗಮನವಿಟ್ಟು ಕೇಳಬೇಕು, ಯಾಕೆಂದರೆ ಅದು "ಆರಾಧನೆ ನಿಷೇಧ" ಅಂತ ಹೇಳಲೇ ಇಲ್ಲ. 18 ವರ್ಷ ತುಂಬಿದ ಕನಿಷ್ಠ 20 ಜನ ಸೇರಿ ಅರ್ಜಿ ಹಾಕಿ, ರಿಜಿಸ್ಟರ್ ಮಾಡಿಸಿಕೊಳ್ಳಿ, ಆರಾಧನೆ ಮಾಡಿ ಅಂತ ಹೇಳಿತು. ಆದರೆ ಮಕ್ಕಳಿಗೆ ಪ್ರತ್ಯೇಕ ಕೂಟ ಬೇಡ. ಯೌವನಸ್ಥರ ಕೂಟ ಬೇಡ. ಸ್ತ್ರೀಯರ ಪ್ರಾರ್ಥನಾ ಕೂಟ ಬೇಡ. ಬೈಬಲ್ ಅಧ್ಯಯನದ ಗುಂಪು ಬೇಡ. ಲೈಬ್ರರಿ ಬೇಡ. ಸಭೆಯಲ್ಲಿ ಕಷ್ಟದಲ್ಲಿ ಇರುವವರಿಗೆ ಹಣದ ಸಹಾಯವೂ ಬೇಡ. ಬೋಧಕರು ತಮ್ಮ ಸಭೆಯವರು ಇರುವ ಊರು ದಾಟಿ ಸೇವೆ ಮಾಡುವುದೂ ಬೇಡ. ಅಂದರೆ ಭಾನುವಾರ ನಾಲ್ಕು ಗೋಡೆಗಳ ಮಧ್ಯೆ, ದೊಡ್ಡವರು, ಸುಮ್ಮನೆ ಕೂತು ಎದ್ದು ಹೋಗಿ. ಅದೇ ವರ್ಷ ಸಂವಿಧಾನದಿಂದ ಧರ್ಮ ಪ್ರಚಾರದ ಸ್ವಾತಂತ್ರ್ಯ ತೆಗೆದರು, ಧರ್ಮವಿರೋಧಿ ಪ್ರಚಾರದ್ದು ಉಳಿಸಿಕೊಂಡರು. 1936ರ ಸಂವಿಧಾನದ 124ನೇ ವಿಧಿಯಲ್ಲೂ ಹಾಗೇ: ಒಬ್ಬನಿಗೆ ಆರಾಧಿಸುವ ಹಕ್ಕು, ಇನ್ನೊಬ್ಬನಿಗೆ ಮಾತಾಡುವ ಹಕ್ಕು. ನಮ್ಮ ಭಾರತದ ಸಂವಿಧಾನದ 25ನೇ ವಿಧಿಯನ್ನು ಮನೆಗೆ ಹೋಗಿ ಓದಿ. ಆಚರಿಸುವುದರ ಜೊತೆಗೆ ಪ್ರಚಾರ ಅನ್ನುವ ಪದವೂ ಅಲ್ಲಿ ಇದೆ. ಆ ಒಂದು ಪದದ ಬೆಲೆ ಏನು ಅಂತ ರಷ್ಯಾದ ಅಜ್ಜಿಯರನ್ನು ಕೇಳಬೇಕು.

ವೊರೊನಾಯೆವ್ ಅವರನ್ನು 1930ರಲ್ಲಿ ಬಂಧಿಸಿದರು. ಅವರ ಜೀವ ಶಿಬಿರದಲ್ಲೇ ಮುಗಿಯಿತು. ಆ ದಶಕದಲ್ಲಿ ಸುವಾರ್ತಾ ಸಭೆಗಳ ಬಾಗಿಲುಗಳು ಒಂದೊಂದೇ ಮುಚ್ಚಿ ಕೊನೆಗೆ ಬೆರಳೆಣಿಕೆಯಷ್ಟು ಉಳಿದವು.

ಆಮೇಲೆ ಯುದ್ಧ ಬಂತು. ಯುದ್ಧದಲ್ಲಿ ಜನರ ಮನಸ್ಸು ಬೇಕು, ಹೊರದೇಶಗಳ ಸ್ನೇಹ ಬೇಕು. 1943ರ ಸೆಪ್ಟೆಂಬರ್‌ನಲ್ಲಿ ಸ್ಟಾಲಿನ್ ಆರ್ಥೊಡಾಕ್ಸ್ ಸಭೆಯ ಹಿರಿಯರನ್ನು ಕರೆಸಿ ಮಾತಾಡಿದ. 1944ರಲ್ಲಿ ಉಳಿದ ಧರ್ಮಗಳ ವ್ಯವಹಾರಕ್ಕೆ ಒಂದು ಸರಕಾರಿ ಕೌನ್ಸಿಲ್ ಹುಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬ್ಯಾಪ್ಟಿಸ್ಟರು, ಸುವಾರ್ತಾ ಕ್ರೈಸ್ತರು ಸೇರಿ ಒಂದೇ ಒಕ್ಕೂಟ ಆಯಿತು. ಸರಕಾರಕ್ಕೆ ಹತ್ತು ಗುಂಪಿಗಿಂತ ಒಂದೇ ಆಫೀಸ್ ಇದ್ದರೆ ನೋಡಿಕೊಳ್ಳುವುದು ಸುಲಭ ಅಲ್ವಾ?

ಈಗ ನಮಗೆ ತುಂಬಾ ಹತ್ತಿರದ ವಿಷಯ. 1945ರ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ಪೆಂತೆಕೊಸ್ತ್ ನಾಯಕರು ಆ ಒಕ್ಕೂಟಕ್ಕೆ ಸೇರಲು ಒಪ್ಪಂದ ಮಾಡಿಕೊಂಡರು. ಆಗಸ್ಟ್ ಒಪ್ಪಂದ ಅಂತಲೇ ಅದಕ್ಕೆ ಹೆಸರು. ಅದರಲ್ಲಿ ಒಂದು ಷರತ್ತು ಏನು ಗೊತ್ತಾ? ಸಭೆಯ ಸಾಮಾನ್ಯ ಕೂಟಗಳಲ್ಲಿ ಅನ್ಯಭಾಷೆಗಳಲ್ಲಿ ಮಾತಾಡುವುದನ್ನು ಬಿಡಬೇಕು. ಪಾದ ತೊಳೆಯುವ ಪದ್ಧತಿಯನ್ನೂ ಮೆಲ್ಲಗೆ ಬಿಡಿಸಬೇಕು.

ನೀವು ಇಲ್ಲಿ ಪ್ರತಿ ಭಾನುವಾರ ಕೈ ಎತ್ತಿ ಆತ್ಮದಲ್ಲಿ ಸ್ತುತಿಸುತ್ತೀರಿ. ಪಕ್ಕದ ಮನೆಯವರು ಸೌಂಡ್ ಜಾಸ್ತಿ ಅಂದರೆ ನಾವು ಕಿಟಕಿ ಮುಚ್ಚುತ್ತೇವೆ, ಅಷ್ಟೇ ನಮ್ಮ ಕಷ್ಟ. ಈಗ ಕೇಳಿಕೊಳ್ಳಿ. ಹದಿನೈದು ವರ್ಷ ಕಾಡಿನಲ್ಲಿ, ದನದ ಕೊಟ್ಟಿಗೆಯಲ್ಲಿ ಗುಟ್ಟಾಗಿ ಸೇರಿದ ಸಭೆಗೆ ಒಬ್ಬ ಅಧಿಕಾರಿ ಬಂದು, "ನಿಮಗೆ ಕಟ್ಟಡ ಕೊಡ್ತೇವೆ, ಬಂಧಿಸುವುದಿಲ್ಲ, ದೀಕ್ಷಾಸ್ನಾನ ಕೊಡಿ, ಕರ್ತನ ಭೋಜನ ಮಾಡಿ, ಒಂದು ವಿಷಯದಲ್ಲಿ ಮಾತ್ರ ಸುಮ್ಮನಿರಿ" ಅಂದರೆ ನೀವು ಏನು ಮಾಡುತ್ತಿದ್ದಿರಿ? ಬೇಗ ಉತ್ತರ ಕೊಡಬೇಡಿ. ಸಹಿ ಹಾಕಿದವರು 1930ರ ದಶಕ ದಾಟಿ ಬಂದವರು. ಅವರಿಗೆ ಜೈಲು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮತ್ತೆ ಆ ಷರತ್ತಿಗೆ ಅವರು ಆಧಾರ ಕೊಟ್ಟಿದ್ದು ಪೌಲನ ಮಾತನ್ನೇ. 1 ಕೊರಿಂಥದವರಿಗೆ 14ನೇ ಅಧ್ಯಾಯದಲ್ಲಿ ಅರ್ಥ ಹೇಳುವವನು ಇಲ್ಲದಿದ್ದರೆ ಸಭೆಯಲ್ಲಿ ಮೌನವಾಗಿರಲಿ ಅಂತ ಪೌಲನೇ ಹೇಳುತ್ತಾನಲ್ಲ. ಹಾಗಾದರೆ ವಾಕ್ಯಕ್ಕೆ ವಿರೋಧ ಏನಾಯಿತು?

ಇಲ್ಲೇ ವಿಷಯ ಇರುವುದು. ವಾಕ್ಯ ಅದೇ, ಆದರೆ ಹೇಳುವವರು ಬೇರೆ. ಕೊರಿಂಥ ಸಭೆಗೆ ಪೌಲ ತಂದೆ. ಅವನು ಕ್ರಮ ಹೇಳಿದ್ದು ಸಭೆ ಕಟ್ಟಲಿಕ್ಕೆ. ಅದೇ ಅಧ್ಯಾಯದ ಕೊನೆಗೆ ಅನ್ಯಭಾಷೆಯನ್ನು ಅಡ್ಡಿಪಡಿಸಬೇಡಿ ಅಂತಲೂ ಹೇಳಿದ. ಸರಕಾರದ ಕೌನ್ಸಿಲ್‌ಗೆ ಅರ್ಥ ಹೇಳುವವನು ಇದ್ದಾನೋ ಇಲ್ಲವೋ ಬೇಕಾಗಿರಲಿಲ್ಲ. ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ: 1945ರಲ್ಲಿ ಸಹಿ ಹಾಕಿದವರನ್ನು ನಾನು ದ್ರೋಹಿಗಳು ಅನ್ನುವುದಿಲ್ಲ. ಅವರು ತಮ್ಮ ಪಾಲಿನ ಒಂದು ಆಶೀರ್ವಾದವನ್ನು ಬಹಿರಂಗವಾಗಿ ಉಪಯೋಗಿಸುವುದನ್ನು ಬಿಟ್ಟರು, ಮನೆಯಲ್ಲಿ ಮೊಣಕಾಲೂರಿದಾಗ ಯಾರೂ ತಡೆಯಲಿಲ್ಲ. ನಿರ್ಬಂಧವನ್ನು ಸಹಿಸಿಕೊಳ್ಳುವುದು ಪಾಪ ಅಂತ ಬೈಬಲ್‌ನಲ್ಲಿ ನನಗೆ ಕಾಣಲ್ಲ. ದಾನಿಯೇಲನು ಬಾಬೆಲಿನ ಹೆಸರು ಇಟ್ಟುಕೊಂಡ, ಬಾಬೆಲಿನ ಶಿಕ್ಷಣ ಪಡೆದ, ಬಾಬೆಲಿನ ಸಂಬಳ ತೆಗೆದುಕೊಂಡ.

ಆದರೆ ಒಂದು ಸಣ್ಣ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಆ ಒಪ್ಪಂದ ಆದ ಮೇಲಿನ ಭಾನುವಾರ, ಸಭೆಯ ಮಧ್ಯದಲ್ಲಿ ಒಬ್ಬ ಅಜ್ಜಿ ಆತ್ಮಭರಿತಳಾಗಿ ಬಾಯಿ ತೆರೆದರೆ ಅವಳನ್ನು ಸುಮ್ಮನಿರಿಸಬೇಕಾದವರು ಯಾರು? ಪೊಲೀಸ್ ಅಲ್ಲ. ಪಾಸ್ಟರ್. ಅಲ್ಲಿಗೆ ಸಹಿಸಿಕೊಳ್ಳುವುದು ಮುಗಿದು ಬೇರೆ ಏನೋ ಶುರುವಾಯಿತು. ಅದಕ್ಕೇ ಏನೋ, ಕೆಲವೇ ವರ್ಷಗಳಲ್ಲಿ ತುಂಬಾ ಪೆಂತೆಕೊಸ್ತ್ ಸಭೆಗಳು ಆ ಒಕ್ಕೂಟ ಬಿಟ್ಟು ಹೊರಗೆ ಹೋದವು. ಹೊರಗೆ ಹೋದವರಿಗೆ ಕಾನೂನಿನ ರಕ್ಷಣೆ ಇಲ್ಲ. 1960ರ ರಷ್ಯನ್ ದಂಡಸಂಹಿತೆಯ 227ನೇ ವಿಧಿ, ಧಾರ್ಮಿಕ ಆಚರಣೆಯ ನೆಪದಲ್ಲಿ ಜನರ ಆರೋಗ್ಯಕ್ಕೆ ಹಾನಿ ಮಾಡುವವರಿಗೆ 5 ವರ್ಷದವರೆಗೆ ಶಿಕ್ಷೆ ಅಂತ ಹೇಳಿತು. ಅನ್ಯಭಾಷೆ ತಲೆ ಕೆಡಿಸುತ್ತೆ ಅನ್ನುವುದು ಪೆಂತೆಕೊಸ್ತ್‌ನವರ ಮೇಲಿನ ಆರೋಪ. ಅದೇ 1960ರಲ್ಲಿ "ಬೊರ್ಸ್ಕ್ ಮೇಲೆ ಮೋಡಗಳು" ಅಂತ ಒಂದು ಸೋವಿಯತ್ ಸಿನಿಮಾ ಬಂತು. ಅದರಲ್ಲಿ ಪೆಂತೆಕೊಸ್ತ್‌ನವರು ಒಬ್ಬ ಹುಡುಗಿಯನ್ನು ಶಿಲುಬೆಗೆ ಹಾಕಲು ಹೊರಡುತ್ತಾರೆ! ಊರೂರಲ್ಲಿ ಅದನ್ನು ನೋಡಿದ ಜನರ ಪಕ್ಕದ ಮನೆಯಲ್ಲೇ ನಮ್ಮವರು ಬದುಕಬೇಕಿತ್ತು.

ಈಗ ಮುಖ್ಯ ವಿಷಯ, 1960. ನಿಕಿತಾ ಖ್ರುಶ್ಚೇವ್ ಕಾಲ. ಹೊರಗಿನ ಜಗತ್ತಿಗೆ ಖ್ರುಶ್ಚೇವ್ ಅಂದರೆ ಸ್ಟಾಲಿನ್ ನಂತರ ಸ್ವಲ್ಪ ಗಾಳಿ ಬೆಳಕು ಬಿಟ್ಟವನು. ಸಭೆಗಳ ವಿಷಯದಲ್ಲಿ ಅದು ಸುಳ್ಳು. ಮಾರ್ಕ್ಸ್‌ವಾದದ ಲೆಕ್ಕದಲ್ಲಿ ಸಮಾಜ ಬದಲಾದರೆ ಧರ್ಮ ತಾನಾಗಿಯೇ ಒಣಗಿ ಉದುರಬೇಕು. ನಲವತ್ತು ವರ್ಷ ಆದರೂ ಉದುರಲಿಲ್ಲ. ಮರ ತಾನಾಗಿ ಒಣಗದಿದ್ದರೆ ಬೇರಿಗೆ ನೀರು ಹೋಗದ ಹಾಗೆ ಮಾಡಬೇಕು. ಬೇರು ಅಂದರೆ ಯಾರು? ಮಕ್ಕಳು, ಯೌವನಸ್ಥರು.

ಆ ವರ್ಷ ರಿಜಿಸ್ಟರ್ ಆದ ಒಕ್ಕೂಟದ ಮಾಸ್ಕೋ ಕಚೇರಿಯಿಂದ ಎರಡು ಕಾಗದ ಹೊರಟವು. ಒಂದು ಹೊಸ ನಿಯಮಾವಳಿ. ಇನ್ನೊಂದು ಹಿರಿಯ ಪ್ರೆಸ್ಬಿಟರ್‌ಗಳಿಗೆ ಸೂಚನೆಯ ಪತ್ರ. ಹಿರಿಯ ಪ್ರೆಸ್ಬಿಟರ್ ಅಂದರೆ ನಮ್ಮಲ್ಲಿ ಡಿಸ್ಟ್ರಿಕ್ಟ್ ಓವರ್‌ಸಿಯರ್ ಇದ್ದ ಹಾಗೆ, ಒಂದು ಪ್ರಾಂತದ ಸಭೆಗಳನ್ನೆಲ್ಲಾ ನೋಡಿಕೊಳ್ಳುವವರು. ಪತ್ರದ ಸಾರ ಹೇಳುತ್ತೇನೆ. ಮಕ್ಕಳು ಆರಾಧನೆಗೆ ಬರದ ಹಾಗೆ ನೋಡಿಕೊಳ್ಳಿ. ಸುವಾರ್ತೆ ಸಾರುವ ಹುಮ್ಮಸ್ಸನ್ನು ಹತೋಟಿಯಲ್ಲಿಡಿ. 18ರಿಂದ 30 ವರ್ಷದೊಳಗಿನ ಯುವಕ ಯುವತಿಯರಿಗೆ ದೀಕ್ಷಾಸ್ನಾನ ಕೊಡುವುದನ್ನು ಆದಷ್ಟು ಕಡಿಮೆ ಮಾಡಿ.

ಈ ಹಾಲ್‌ನಲ್ಲಿ ಕೂತಿರುವ ನೀವೆಲ್ಲಾ ಎಷ್ಟು ವಯಸ್ಸಿನವರು? ಆ ಪತ್ರ ನಿಮ್ಮ ಬಗ್ಗೆ.

ಆ ಪತ್ರ ಸರಕಾರದ ಲೆಟರ್‌ಹೆಡ್‌ನಲ್ಲಿ ಬರಲಿಲ್ಲ ಅನ್ನುವುದು ನೆನಪಿರಲಿ. ಸಹೋದರರು ಸಹೋದರರಿಗೆ ಬರೆದ ಪತ್ರವಾಗಿ ಬಂತು. ನಿಮ್ಮಲ್ಲಿ ಐಟಿಯಲ್ಲಿ ಇರುವವರಿಗೆ ಇದು ಬೇಗ ಅರ್ಥ ಆಗುತ್ತೆ. ಜನರನ್ನು ತೆಗೆಯಬೇಕಾದಾಗ ಮೇಲಿನವರು ನೇರವಾಗಿ ಬರುವುದಿಲ್ಲ, ಟೀಮ್ ಲೀಡ್‌ಗೆ "ನಿಮ್ಮ ಟೀಮಿನಲ್ಲಿ ಇಬ್ಬರ ಹೆಸರು ಕೊಡಿ" ಅಂತಾರೆ. ಕೊಟ್ಟ ಮೇಲೆ ಆ ಟೀಮ್ ಲೀಡ್ ಯಾವತ್ತೂ ಮೇಲಿನವರ ವಿರುದ್ಧ ಬಾಯಿ ಬಿಡಲಾರ, ಯಾಕೆಂದರೆ ಅವನ ಕೈಯಲ್ಲೂ ಮಸಿ ಇದೆ. ಆಫೀಸಿನಲ್ಲಿ ಅದು ಹೊಟ್ಟೆಪಾಡಿನ ವಿಷಯ, ಅದನ್ನು ನಾನು ಇಲ್ಲಿ ನ್ಯಾಯ ಮಾಡಲು ಹೋಗುವುದಿಲ್ಲ. ಆದರೆ ರಷ್ಯಾದಲ್ಲಿ ಸಭೆಯ ಬಾಗಿಲಲ್ಲಿ ತನ್ನದೇ ವಿಶ್ವಾಸಿಯ ಮಗುವನ್ನು ತಡೆದು ನಿಲ್ಲಿಸುವ ಕೆಲಸವನ್ನು ಪಾಸ್ಟರ್‌ಗೆ ಕೊಟ್ಟರು. ಫರೋಹನಿಗೆ ಸೂಲಗಿತ್ತಿ ಸಿಕ್ಕಿದಳು.

ರೋಮಾಪುರದವರಿಗೆ 13ನೇ ಅಧ್ಯಾಯ ಹೇಳಿ ಯಾರಾದರೂ ವಾದ ಮಾಡಬಹುದು, ಆಗಲೂ ಮಾಡಿದರು. ಅಧಿಕಾರಿಗಳಿಗೆ ಅಧೀನರಾಗಿರಬೇಕು, ನಿಜ. ಆದರೆ ಪೌಲನು ಅಲ್ಲಿ ಕೊಡಲು ಹೇಳುವ ಪಟ್ಟಿ ನೋಡಿ: ತೆರಿಗೆ, ಸುಂಕ, ಭಯ, ಮರ್ಯಾದೆ. ಇವೆಲ್ಲಾ ನನ್ನ ಜೇಬಿನಿಂದ, ನನ್ನ ನಡತೆಯಿಂದ ಕೊಡುವಂಥವು. ಇನ್ನೊಬ್ಬನ ಆತ್ಮವನ್ನು ತೆಗೆದು ಕೊಡಿ ಅಂತ ಆ ಪಟ್ಟಿಯಲ್ಲಿ ಇಲ್ಲ. ಮಾರ್ಕನ 10ನೇ ಅಧ್ಯಾಯವನ್ನೂ ಪಕ್ಕದಲ್ಲಿ ಇಟ್ಟು ಓದಿ. ಮಕ್ಕಳನ್ನು ಯೇಸುವಿನ ಹತ್ತಿರ ತರುವಾಗ ತಡೆದವರು ಯಾರು? ರೋಮನ್ ಸೈನಿಕರಲ್ಲ, ಫರಿಸಾಯರಲ್ಲ. ಶಿಷ್ಯರು! ಅವರಿಗೂ ಒಳ್ಳೆಯ ಕಾರಣವೇ ಇದ್ದಿರಬೇಕು, ಗುರುವಿಗೆ ತೊಂದರೆ ಆಗಬಾರದು ಅಂತ. ಯೇಸು ಕೋಪಗೊಂಡದ್ದು ಅವರ ಮೇಲೆ.

1961ರ ಆಗಸ್ಟ್‌ನಲ್ಲಿ ಕೆಲವರು ಎದ್ದು ನಿಂತರು. ಅಲೆಕ್ಸೆಯ್ ಪ್ರೊಕೊಫಿಯೆವ್, ಗೆನ್ನಾದಿ ಕ್ರ್ಯುಚ್ಕೊವ್, ಸ್ವಲ್ಪದರಲ್ಲೇ ಗೆಯೋರ್ಗಿ ವಿನ್ಸ್. ಇವರು ಪೆಂತೆಕೊಸ್ತ್‌ನವರಲ್ಲ, ಬ್ಯಾಪ್ಟಿಸ್ಟರು. ಅನ್ಯಭಾಷೆಯ ವಿಷಯದಲ್ಲಿ ಅವರಿಗೂ ನಮಗೂ ಹೊಂದುವುದಿಲ್ಲ. ಇರಲಿ, ಸತ್ಯ ಯಾರ ಬಾಯಲ್ಲಿ ಬಂದರೂ ಆಮೆನ್ ಅನ್ನಬೇಕು. ಅವರು ಕೇಳಿದ್ದು ಸರಕಾರ ಬೀಳಿಸಿ ಅಂತ ಅಲ್ಲ. ಆ ಪತ್ರವನ್ನು ವಾಪಸ್ ತೆಗೆದುಕೊಳ್ಳಿ, ಎಲ್ಲಾ ಸಭೆಗಳ ಮಹಾಸಭೆ ಕರೆಯಿರಿ ಅಂತ ಅಷ್ಟೇ. ಕಮ್ಯುನಿಸ್ಟರ ಸ್ವಂತ ಸಂವಿಧಾನ, ಲೆನಿನ್‌ನ ಕಾಲದ ಆದೇಶ ತೋರಿಸಿಯೇ ವಾದ ಮಾಡಿದರು. 1966ರ ಮೇ ತಿಂಗಳಲ್ಲಿ ಸುಮಾರು 500 ವಿಶ್ವಾಸಿಗಳು ಮಾಸ್ಕೋದಲ್ಲಿ ಪಕ್ಷದ ಕೇಂದ್ರ ಸಮಿತಿಯ ಕಟ್ಟಡದ ಮುಂದೆ ಹೋಗಿ ನಿಂತರು. ಸೋವಿಯತ್ ರಾಜಧಾನಿಯಲ್ಲಿ, ಆ ಕಾಲದಲ್ಲಿ! ಕ್ರ್ಯುಚ್ಕೊವ್, ವಿನ್ಸ್ ಇಬ್ಬರಿಗೂ 3 ವರ್ಷ ಜೈಲಾಯಿತು. ಜೈಲಿನಲ್ಲಿ ಇರುವವರ ತಾಯಂದಿರು, ಹೆಂಡತಿಯರು ಸೇರಿ ಒಂದು ಸಂಘ ಮಾಡಿಕೊಂಡರು. ಯಾರು ಯಾವ ಶಿಬಿರದಲ್ಲಿ ಇದ್ದಾರೆ, ಅವರ ಮನೆಯಲ್ಲಿ ಎಷ್ಟು ಮಕ್ಕಳು ಅಂತ ಪಟ್ಟಿ ಮಾಡಿ ಹೊರಗೆ ಕಳಿಸುತ್ತಿದ್ದರು. ವಿನ್ಸ್ ಅವರ ತಾಯಿ ಲಿದಿಯಾ ಆ ಕೆಲಸ ಮಾಡಿದ್ದಕ್ಕೆ, ಅರವತ್ತು ದಾಟಿದ ವಯಸ್ಸಿನಲ್ಲಿ, 1970ರಲ್ಲಿ ಬಂಧನವಾಗಿ 3 ವರ್ಷ ಶಿಕ್ಷೆ ಅನುಭವಿಸಿದರು. ಕ್ರ್ಯುಚ್ಕೊವ್ ಆಮೇಲೆ ವರ್ಷಗಟ್ಟಲೆ ತಲೆಮರೆಸಿಕೊಂಡೇ ಸೇವೆ ಮಾಡಿದರು. ವಿನ್ಸ್ ಅವರಿಗೆ 1975ರಲ್ಲಿ ಮತ್ತೆ 5 ವರ್ಷ ಶಿಬಿರ, 5 ವರ್ಷ ಗಡೀಪಾರು. 1979ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸಿಕ್ಕಿಬಿದ್ದ ಇಬ್ಬರು ಸೋವಿಯತ್ ಗೂಢಚಾರರ ಬದಲಿಗೆ ಐದು ಜನ ಕೈದಿಗಳನ್ನು ಬಿಟ್ಟುಕೊಟ್ಟರು, ಆ ಐದರಲ್ಲಿ ವಿನ್ಸ್ ಒಬ್ಬರು.

ಈಗ ಆ ಬ್ರದರ್‌ನ ಪ್ರಶ್ನೆಗೆ ಬರೋಣ. ರಿಜಿಸ್ಟರ್ ಆಗಿ ಒಳಗೇ ಉಳಿದವರು?

1963ರ ಅಕ್ಟೋಬರ್‌ನಲ್ಲಿ ಒಕ್ಕೂಟದ ಮಹಾಸಭೆ ಕೊನೆಗೂ ಸೇರಿತು, ಆ ಸೂಚನೆಯ ಪತ್ರ ರದ್ದಾಯಿತು. ಹೊರಗೆ ಹೋದವರು ಜೈಲಿನ ಬೆಲೆ ಕೊಟ್ಟರು, ಸಡಿಲಿಕೆ ಸಿಕ್ಕಿದ್ದು ಒಳಗೆ ಇದ್ದವರಿಗೆ. ಇದನ್ನು ಹೇಳಿದ ತಕ್ಷಣ ಇನ್ನೊಂದನ್ನೂ ಹೇಳಬೇಕು. 1957ರಲ್ಲಿ ಸುಮಾರು 10,000 ಬೈಬಲ್ ಮುದ್ರಿಸಲು ಅನುಮತಿ ಪಡೆದದ್ದು ಅದೇ ರಿಜಿಸ್ಟರ್ ಆದ ಒಕ್ಕೂಟ. ಸಾವಿರಾರು ಹಳ್ಳಿಗಳಲ್ಲಿ ಮುದುಕರಿಗೆ ಕರ್ತನ ಭೋಜನ ಸಿಕ್ಕಿದ್ದು, ಸತ್ತಾಗ ಪ್ರಾರ್ಥನೆಯೊಂದಿಗೆ ಮಣ್ಣು ಸಿಕ್ಕಿದ್ದು ಅವರಿಂದ. ಮೇಲಿನ ಕಚೇರಿಯ ಪತ್ರ ಬಂದರೂ ಮಕ್ಕಳು ಬಂದಾಗ ಬೇರೆ ಕಡೆ ನೋಡಿದ ಪಾಸ್ಟರ್‌ಗಳು ಇರಲಿಲ್ಲ ಅಂತ ನಾನು ನಂಬುವುದಿಲ್ಲ. ಸೂಲಗಿತ್ತಿಯರೂ ಕೆಲಸ ಬಿಟ್ಟು ಓಡಿಹೋಗಲಿಲ್ಲವಲ್ಲ.

ಕಷ್ಟದ ಪ್ರಶ್ನೆ ಇಲ್ಲಿದೆ. ಒಬ್ಬ ಪಾಸ್ಟರ್ ಹೇಳುತ್ತಾನೆ ಅಂತ ಇಟ್ಟುಕೊಳ್ಳಿ: "ನಾನು ಮಕ್ಕಳನ್ನು ತಡೆಯದಿದ್ದರೆ ನಾಳೆ ಸಭೆಗೇ ಬೀಗ. ಮುನ್ನೂರು ಜನಕ್ಕೆ ಆರಾಧನೆ ಇಲ್ಲ. ಅವರ ಲೆಕ್ಕ ಯಾರು ಕೊಡ್ತಾರೆ?" ಇದು ಹೇಡಿಯ ಮಾತಲ್ಲ, ಕುರುಬನ ಮಾತು. ಮತ್ತೆ, ಇಲ್ಲ ಅಂದವನು ತನ್ನ ನೋವನ್ನು ಮಾತ್ರ ಕೊಡುವುದಿಲ್ಲ, ಹೆಂಡತಿ ಮಕ್ಕಳ ನೋವನ್ನೂ ಕೊಡುತ್ತಾನೆ. ಸೈಬೀರಿಯಾದ ಚೆರ್ನೊಗೊರ್ಸ್ಕ್ ಊರಿನ ಪೆಂತೆಕೊಸ್ತ್ ವಿಶ್ವಾಸಿಗಳಾದ ವಾಶ್ಚೆಂಕೊ ಕುಟುಂಬದ ಹೆಣ್ಣುಮಕ್ಕಳನ್ನು 1960ರ ದಶಕದ ಆರಂಭದಲ್ಲಿ ಸರಕಾರ ಮನೆಯಿಂದ ಕಿತ್ತುಕೊಂಡು ಹೋಯಿತು, ವಿಶ್ವಾಸದಲ್ಲಿ ಬೆಳೆಸುತ್ತಿದ್ದಾರೆ ಅನ್ನುವ ಕಾರಣಕ್ಕೆ. 1978ರ ಜೂನ್ 27ರಂದು ಆ ಕುಟುಂಬದವರು, ಚ್ಮಿಖಾಲೊವ್ ಕುಟುಂಬದ ಇಬ್ಬರು ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯೊಳಗೆ ಕಾವಲುಗಾರರನ್ನು ದಾಟಿ ನುಗ್ಗಿದರು. ಏಳು ಜನ ಒಳಗೆ ಸೇರಿದರು, ಒಬ್ಬ ಹುಡುಗ ಹೊರಗೆ ಸಿಕ್ಕಿಬಿದ್ದ. ಸುಮಾರು ಐದು ವರ್ಷ ಆ ಕಟ್ಟಡದ ನೆಲಮಾಳಿಗೆಯ ಕೋಣೆಯಲ್ಲಿ ಬದುಕಿದರು. 1982ರಲ್ಲಿ ಬಿಲ್ಲಿ ಗ್ರಹಾಂ ಮಾಸ್ಕೋಗೆ ಬಂದಾಗ ತುಂಬಿದ ಬ್ಯಾಪ್ಟಿಸ್ಟ್ ಸಭೆಯಲ್ಲಿ ಪ್ರಸಂಗ ಮಾಡಿದರು, ಈ ಏಳು ಜನರನ್ನೂ ಹೋಗಿ ನೋಡಿದರು. ತುಂಬಿದ ಸಭೆ, ನೆಲಮಾಳಿಗೆಯ ಕೋಣೆ, ಎರಡೂ ಒಂದೇ ಊರಿನಲ್ಲಿ ಇದ್ದವು. ಒಂದನ್ನು ನೋಡಿ ರಷ್ಯಾದಲ್ಲಿ ಸ್ವಾತಂತ್ರ್ಯ ಇದೆ ಅಂದವರೂ ಇದ್ದರು, ಇನ್ನೊಂದನ್ನು ನೋಡಿ ರಿಜಿಸ್ಟರ್ ಆದವರೆಲ್ಲಾ ಸುಳ್ಳರು ಅಂದವರೂ ಇದ್ದರು. 1983ರಲ್ಲಿ ಆ ಕುಟುಂಬಗಳಿಗೆ ದೇಶ ಬಿಡಲು ಅನುಮತಿ ಸಿಕ್ಕಿತು.

ಆ ಕುರುಬನಿಗೆ ನಾನು ಏನು ಹೇಳಲಿ? ಭಾನುವಾರ ಆಫ್ ಸಿಗುವ ಊರಿನಲ್ಲಿ ನಿಂತು ಅವನಿಗೆ ಧೈರ್ಯದ ಪಾಠ ಹೇಳುವುದು ನನಗೆ ನಾಚಿಕೆ. ಆದರೂ ಇಷ್ಟು ಹೇಳುತ್ತೇನೆ. ಬೀಗ ಹಾಕಿದರೆ ಹಾಕಿದ್ದು ಅವರ ಕೈ. ಅದರ ಲೆಕ್ಕ ದೇವರ ಮುಂದೆ ಅವರು ಕೊಡುತ್ತಾರೆ. ಮಗುವನ್ನು ತಡೆದರೆ ಅದು ನಿನ್ನ ಕೈ. ಬೀಗ ಬಿದ್ದ ಸಭೆ ಮನೆಗಳಲ್ಲಿ ಮತ್ತೆ ಸೇರಬಹುದು, ಅಪೊಸ್ತಲರ ಕೃತ್ಯಗಳು ಪುಸ್ತಕದ ಉದ್ದಕ್ಕೂ ಅದೇ ಆಗುತ್ತೆ. ಆದರೆ ಮಕ್ಕಳನ್ನು ಹೊರಗೆ ನಿಲ್ಲಿಸಿ ಒಳಗೆ ರೊಟ್ಟಿ ಮುರಿದರೆ ಆ ಮೇಜು ಯಾರದು ಅಂತ ಕೇಳಬೇಕಾಗುತ್ತೆ. ಸಹಿಸಿಕೊಂಡವನನ್ನು ನಾನು ದ್ರೋಹಿ ಅನ್ನುವುದಿಲ್ಲ. ತಡೆಯುವ ಕೈ ಆದವನು ಮಾತ್ರ ಪಶ್ಚಾತ್ತಾಪ ಪಡಬೇಕಾದ ವಿಷಯ ಇದೆ. ಅವನಿಗೂ ಪಶ್ಚಾತ್ತಾಪದ ಬಾಗಿಲು ತೆರೆದಿದೆ. ಚೀನಾದ ವಾಂಗ್ ಮಿಂಗ್‌ದಾವೊ ನೋಡಿ. ಸರಕಾರದ ಒಪ್ಪಿಗೆಯಿಂದ ನಡೆಯುವ ತ್ರೀ-ಸೆಲ್ಫ್ ಚಳವಳಿಗೆ ಸೇರುವುದಿಲ್ಲ ಅಂದಿದ್ದಕ್ಕೆ 1955ರ ಆಗಸ್ಟ್‌ನಲ್ಲಿ ಬಂಧನ. ಒಳಗೆ ಮುರಿದುಹೋಗಿ ಅವರು ಬರೆಸಿದ ತಪ್ಪೊಪ್ಪಿಗೆ ಒಪ್ಪಿಕೊಂಡು 1956ರಲ್ಲಿ ಹೊರಗೆ ಬಂದರು. ಪೇತ್ರನ ಹಾಗೆ ಕರ್ತನನ್ನು ಅಲ್ಲಗಳೆದೆ ಅನ್ನುವ ದುಃಖ ಅವರನ್ನು ಬಿಡಲಿಲ್ಲ. ಕೊಟ್ಟ ತಪ್ಪೊಪ್ಪಿಗೆಯನ್ನು ತಿರಸ್ಕರಿಸಿದರು. 1958ರಲ್ಲಿ ಮತ್ತೆ ಒಳಗೆ ಹೋದವರು 1980ರ ತನಕ ಹೊರಗೆ ಬರಲಿಲ್ಲ.

ರಷ್ಯಾದ ಕಥೆಯಲ್ಲಿ ನನಗೆ ತುಂಬಾ ನೋವು ಕೊಡುವ ಭಾಗ ಜೈಲಿನದ್ದಲ್ಲ. 1962ರಲ್ಲಿ ಹೊರಗೆ ಹೋದ ಗುಂಪು ಒಕ್ಕೂಟದ ನಾಯಕರನ್ನು ಸಭಾಭ್ರಷ್ಟರು ಅಂತ ಸಾರಿತು. ಒಳಗಿನವರು ಇವರನ್ನು ಜಗಳಗಂಟರು ಅಂದರು. ಒಂದೇ ಊರಿನಲ್ಲಿ ಅಣ್ಣ ರಿಜಿಸ್ಟರ್ ಆದ ಸಭೆ, ತಮ್ಮ ಕಾಡಿನ ಸಭೆ, ಇಬ್ಬರಿಗೂ ಮಾತಿಲ್ಲ ಅನ್ನುವ ಸ್ಥಿತಿ ಮುಂದಿನ ತಲೆಮಾರಿಗೂ ಹೋಯಿತು. 1990ರಲ್ಲಿ ಸೋವಿಯತ್ ದೇಶವೇ ಮನಸ್ಸಾಕ್ಷಿಯ ಸ್ವಾತಂತ್ರ್ಯದ ಹೊಸ ಕಾನೂನು ತಂದಿತು, ಮರುವರ್ಷ ಆ ದೇಶವೇ ಇಲ್ಲವಾಯಿತು. ಆ ಮುನಿಸು ಮಾತ್ರ ಉಳಿಯಿತು. ಆ ವಿಡಿಯೋ ಮಾಡಿದವರು ಅದನ್ನೇ ಬೆಂಗಳೂರಿನ ತನಕ ತಂದಿದ್ದಾರೆ ಅಷ್ಟೇ.

ಇದು ಮುಗಿದ ಕಥೆಯೂ ಅಲ್ಲ. ಚೀನಾದಲ್ಲಿ 2018ರ ಫೆಬ್ರವರಿ 1ರಿಂದ ಧಾರ್ಮಿಕ ವ್ಯವಹಾರಗಳ ಪರಿಷ್ಕೃತ ನಿಯಮ ಜಾರಿಗೆ ಬಂತು. ಆ ವರ್ಷದ ಏಪ್ರಿಲ್‌ನಲ್ಲಿ ಹೆನಾನ್ ಪ್ರಾಂತದಲ್ಲಿ 18 ವರ್ಷದೊಳಗಿನವರು ಆರಾಧನೆಗೆ ಬರಬಾರದು ಅಂತ ಕಥೋಲಿಕ ಸಭೆಗಳಿಗೆ ಪತ್ರ ಹೋಯಿತು. ಕಳಿಸಿದವರು ಯಾರು? ಅಲ್ಲಿನ ಅಧಿಕೃತ ಕಥೋಲಿಕ ಸಂಘಟನೆಗಳೇ. 1960ರ ಪತ್ರ ಮತ್ತೆ ಬಂತು, ಭಾಷೆ ಮಾತ್ರ ಬೇರೆ. ಚೆಂಗ್ಡು ಪಟ್ಟಣದಲ್ಲಿ ರಿಜಿಸ್ಟರ್ ಆಗದ ಅರ್ಲಿ ರೇನ್ ಸಭೆಯ ಪಾಸ್ಟರ್ ವಾಂಗ್ ಯಿ ಅವರನ್ನು 2018ರ ಡಿಸೆಂಬರ್‌ನಲ್ಲಿ ಬಂಧಿಸಿದರು, 2019ರ ಡಿಸೆಂಬರ್ 30ರಂದು 9 ವರ್ಷ ಶಿಕ್ಷೆ ಕೊಟ್ಟರು.

ಈಗ ಎಲ್ಲರೂ ಎದ್ದು ನಿಲ್ಲೋಣ. ವರ್ಶಿಪ್ ಟೀಮ್‌ನವರು ಕೀಬೋರ್ಡ್ ನಿಲ್ಲಿಸಿ, ಇವತ್ತು ಮ್ಯೂಸಿಕ್ ಬೇಡ. ಮೊದಲು ವಾಂಗ್ ಯಿ ಅವರಿಗೋಸ್ಕರ, ಅವರ ಮನೆಯವರಿಗೋಸ್ಕರ ಪ್ರಾರ್ಥಿಸೋಣ. ಆಮೇಲೆ ಚೀನಾದ ಯಾವುದೋ ಊರಿನಲ್ಲಿ, ರಿಜಿಸ್ಟರ್ ಆದ ಸಭೆಯ ಬಾಗಿಲಲ್ಲಿ, ಕೈಯಲ್ಲಿ ಅಂಥದೇ ಒಂದು ಪತ್ರ ಹಿಡಿದುಕೊಂಡು, ಎದುರಿಗೆ ಅಮ್ಮನ ಕೈ ಹಿಡಿದು ಬರುತ್ತಿರುವ ಮಗುವನ್ನು ನೋಡುತ್ತಾ ನಿಂತಿರುವ ಪಾಸ್ಟರ್‌ಗೋಸ್ಕರವೂ ಪ್ರಾರ್ಥಿಸೋಣ. ಸಹೋದರಿಯರು ಮೊದಲು ಶುರುಮಾಡಿ.